ಪರರ ಮೈದಾನದ ಗೋಲು

ಪ್ರಭಾಕರರಾಯರಿಗೆ ಫುಟ್‌ಬಾಲಿನ ಗಂಧಗಾಳಿ ಇರಲಿಲ್ಲ. ಆದರೆ ಲೆಕ್ಕ ತಾಳೆಯಾಗದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ನಾಸಿಕದ ಬ್ಯಾಂಕಿನಲ್ಲಿ ಹೆಡ್ ಕ್ಯಾಶಿಯರ್ ಆದ ಮೇಲಂತೂ ಅದೊಂದು ಚಟವೇ ಆಗಿಹೋಗಿತ್ತು. ೧೯೮೮ರ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತಾಗ, ಮೇಜಿನ ಮೇಲೆ ಹಾಸಿದ್ದ ಮುಂಬಯಿ ಪೇಪರಿನ ಮೂಲೆಯ ಸುದ್ದಿಯೊಂದು ಅವರ ಕಣ್ಣಿಗೆ ಬಿತ್ತು. ಯುರೋಪಿಯನ್ ಕಪ್, ಎಂಟರ ಘಟ್ಟ. ಫ್ರಾನ್ಸಿನ ಬೋರ್ಡೋಗೂ ಹಾಲೆಂಡಿನ ಪಿಎಸ್‌ವಿಗೂ ಎರಡು ಪಂದ್ಯ. ಮೊದಲನೆಯದು ಒಂದು–ಒಂದು, ಎರಡನೆಯದು ಸೊನ್ನೆ–ಸೊನ್ನೆ. ಮುಂದಕ್ಕೆ ಹೋದವರು ಪಿಎಸ್‌ವಿ.

"ದತ್ತು, ಇದೇನೋ ತಪ್ಪು ಅಚ್ಚಾಗೇದ ನೋಡು. ಇಬ್ಬರದೂ ಸಮ ಅದ. ಒಬ್ಬ ಹೆಂಗ ಗೆದ್ದ?"

ದತ್ತು ಬೆಳಗಾವಿಯವನು, ಪಕ್ಕದ ಕೌಂಟರಿನ ಗುಮಾಸ್ತ. ಕಾಲೇಜಿನಲ್ಲಿ ಫುಟ್‌ಬಾಲ್ ಆಡಿ ಮೊಣಕಾಲು ಕೆಡಿಸಿಕೊಂಡ ಮೇಲೆ ಅವನಿಗೆ ಉಳಿದದ್ದು ಆ ಆಟದ ಮಾತು ಮಾತ್ರ. ಕೇಳುವವರು ಸಿಕ್ಕರೆ ಬಿಡುತ್ತಾನೆಯೇ?

"ತಪ್ಪಲ್ರಿ ರಾಯರ. ಒಂದು ಪಂದ್ಯ ಇವರ ಊರಾಗ, ಒಂದು ಅವರ ಊರಾಗ. ಕೂಡಿಸಿದಾಗ ಸಮ ಆದ್ರ, ಪರರ ಮೈದಾನದಾಗ ಯಾರು ಹೆಚ್ಚು ಗೋಲು ಹೊಡದಾರ ಅಂತ ನೋಡ್ತಾರ. ಪಿಎಸ್‌ವಿ ಬೋರ್ಡೋಕ್ಕ ಹೋಗಿ ಒಂದು ಹೊಡೀತು. ಬೋರ್ಡೋದವರು ಇವರ ಮನಿಗೆ ಬಂದು ಏನೂ ಹೊಡೀಲಿಲ್ಲ. ಮುಗೀತು."

"ಪರರ ಮೈದಾನದ ಗೋಲಿಗೆ ಅಷ್ಟ್ಯಾಕ ಬೆಲಿ? ಚೆಂಡು ಬ್ಯಾರೆ ಇರ್ತದೇನು? ಹುಲ್ಲು ಬ್ಯಾರೇನು?"

"ಮಂದಿ ಬ್ಯಾರೆ ಇರ್ತಾರ್ರಿ. ಸುತ್ತಲೂ ಅವರವರೇ. ಅಲ್ಲಿ ಕಾಲು ಏಳೋದಿಲ್ಲ."

ರಾಯರಿಗೆ ಈ ವಿಷಯ ತಲೆಯೊಳಗೆ ಹುಳದ ಹಾಗೆ ಹೊಕ್ಕಿತು. ಸಂಜೆ ಸೈಕಲ್ ತುಳಿಯುತ್ತಲೂ ಅದೇ ಯೋಚನೆ. ಬಿಜಾಪುರ ಬಿಟ್ಟಾಗಿನಿಂದ ಸಾಂಗ್ಲಿ, ನಾಂದೇಡ, ಈಗ ನಾಸಿಕ ಎಂದು ವರ್ಗದ ಮೇಲೆ ವರ್ಗವಾಗಿ, ಅವರ ನೌಕರಿಯೆಲ್ಲ ಪರರ ಊರಿನಲ್ಲೇ ಸವೆದಿತ್ತು. ಪರಸ್ಥಳದಲ್ಲಿ ಬಾಯಿ ಮುಚ್ಚಿಕೊಂಡಿರಬೇಕು ಎಂಬುದೊಂದೇ ಅವರು ಕಲಿತ ವಿದ್ಯೆ. ಮನೆ ಮಾಲೀಕರು ತಮ್ಮ ಸ್ಕೂಟರನ್ನು ರಾಯರ ಬಾಗಿಲಿಗೇ ಒತ್ತಿ ನಿಲ್ಲಿಸುತ್ತಿದ್ದರು. ರಾಯರು ಹೊಟ್ಟೆ ಒಳಗೆಳೆದುಕೊಂಡು ಓರೆಯಾಗಿ ಹೊರಬರುತ್ತಿದ್ದರೇ ಹೊರತು ಒಂದು ದಿನವೂ ಕೇಳಿದವರಲ್ಲ. ಯಾರನ್ನೂ ಸೋಲಿಸದೆ ಸುಮ್ಮನೆ ಮುಂದೆ ಹೋಗುವ ಈ ಪಿಎಸ್‌ವಿ ಅವರಿಗೆ ಯಾಕೋ ಬಹಳ ಹಿಡಿಸಿಬಿಟ್ಟಿತು.

ಯುಗಾದಿ ಮುಗಿದ ಭಾನುವಾರ ಮಗಳು ಶುಭಾಳನ್ನು ನೋಡಲು ಔರಂಗಾಬಾದಿನಿಂದ ಬೀಗರಾಗುವವರು ಬಂದರು. ಹುಡುಗ ಗುರುರಾಜ ಅದೇ ಊರಿನ ಚಿಕಲಠಾಣಾದ ಕಾರ್ಖಾನೆಯಲ್ಲಿ ಇಂಜಿನಿಯರ್. ತಂದೆ ಬಿಂದುಮಾಧವರಾಯರು ಅಂಚೆ ಇಲಾಖೆಯಿಂದ ನಿವೃತ್ತರಾದವರು, ಮಾತು ಕಡಿಮೆ. ತಾಯಿ ಸುಶೀಲಾಬಾಯಿ ಆ ಕೊರತೆಯನ್ನೆಲ್ಲ ತುಂಬಿಕೊಡುವವರು. ಹುಡುಗ ಶುಭಾಳಿಗೆ ಒಪ್ಪಿಗೆಯಾದ, ಶುಭಾ ಅವರಿಗೆ ಒಪ್ಪಿಗೆಯಾದಳು. ಮದುವೆ ನಾಸಿಕದಲ್ಲೇ ಆಗಬೇಕು ಎಂದು ರಾಯರ ಹೆಂಡತಿ ಮಂದಾಕಿನಿ ಹಟ ಹಿಡಿದಾಗ ಅದಕ್ಕೂ ಹೂಂ ಅಂದರು.

ಆಮೇಲೆ ಸುಶೀಲಾಬಾಯಿ ಕಪ್ಪು ಕೆಳಗಿಟ್ಟು, "ಒಂದು ಮಾತು ಮೊದಲೇ ಹೇಳ್ತೀನ್ರಿ. ಲಗ್ನ ಆದ ಮ್ಯಾಲೆ ಟೆಲಿಫೋನ್ ನೌಕರಿ ಬ್ಯಾಡ. ರಾತ್ರಿ ಪಾಳಿ ಮಾಡೋ ಸೊಸಿ ನಮ್ಮ ಮನಿಗೆ ಒಗ್ಗೂದಿಲ್ಲ. ನೀವು ನಮ್ಮ ಮನಿ ನೋಡ್ಲಿಕ್ಕೆ ಬರ್ತೀರಲ್ಲ, ಅಲ್ಲೇ ಎಲ್ಲಾ ಪಕ್ಕಾ ಮಾಡೋಣು" ಅಂದರು.

ಶುಭಾ ಅಪ್ಪನ ಮುಖ ನೋಡಿದಳು. ಟೆಲಿಫೋನ್ ಎಕ್ಸ್‌ಚೇಂಜಿನ ಪರೀಕ್ಷೆಗೆ ಹಗಲು ರಾತ್ರಿ ಓದಿ ಪಡೆದ ಕೆಲಸ ಅದು. ಔರಂಗಾಬಾದಿಗೆ ವರ್ಗ ಮಾಡಿಸಿಕೊಳ್ಳಲೂಬಹುದಿತ್ತು. ಅಪ್ಪ ಮಾತ್ರ ಬಿಸ್ಕತ್ತಿನ ತಟ್ಟೆಯನ್ನು ಬೀಗರ ಕಡೆಗೆ ಇನ್ನಷ್ಟು ಸರಿಸಿದರು.

ಏಪ್ರಿಲ್‌ನಲ್ಲಿ ರಾಯರು ದತ್ತುವಿಗಿಂತ ಮೊದಲೇ ಪೇಪರಿನ ಮೂಲೆ ಹುಡುಕತೊಡಗಿದರು. ಪಿಎಸ್‌ವಿ ಈ ಸಲ ಸ್ಪೇನಿನ ರಿಯಲ್ ಮ್ಯಾಡ್ರಿಡ್‌ನ ಊರಿಗೆ ಹೋಗಿ ಒಂದು–ಒಂದು ಮಾಡಿಕೊಂಡು ಬಂತು. ಎರಡು ವಾರ ಬಿಟ್ಟು ತನ್ನ ಊರಿನಲ್ಲಿ ಸೊನ್ನೆ–ಸೊನ್ನೆ. ಮತ್ತೆ ಮುಂದಕ್ಕೆ! ರಾಯರಿಗೆ ಹಬ್ಬ.

"ನೋಡಿದೇನು ದತ್ತು? ಗದ್ದಲ ಇಲ್ಲ, ಗಲಾಟಿ ಇಲ್ಲ. ಸುಮ್ಮನಿದ್ದು ಗೆಲ್ಲೋದು ಅಂದ್ರ ಹಿಂಗ. ನಾಡಿದ್ದು ಔರಂಗಾಬಾದಿಗೆ ಹೊಂಟೀನಿ, ನಾನೂ ಸೊನ್ನೆ–ಸೊನ್ನೆ ಮಾಡಿಕೊಂಡು ಬರ್ತೀನಿ."

ನೌಕರಿಯ ಮಾತಿನ ಕತೆಯೆಲ್ಲ ದತ್ತುವಿಗೆ ಗೊತ್ತಿತ್ತು. ಅವನು ನಗಲಿಲ್ಲ.

"ಸಿಟ್ಟಾಗಬ್ಯಾಡ್ರಿ ರಾಯರ. ನೀವು ಪಿಎಸ್‌ವಿ ಅಲ್ಲ. ಅವರು ಮೊದಲು ಪರರ ಮನಿಗೆ ಹೋಗಿ ಹೊಡದು ಬಂದಾರ, ಅದಕ್ಕ ತಮ್ಮ ಮನ್ಯಾಗ ಸುಮ್ಮನ ಕೂತ್ರೂ ನಡೀತು. ನಿಮ್ಮ ವಿಷಯದಾಗ ಯಾರು ಬಂದು ಹೊಡದಾರ? ಸುಶೀಲಾಬಾಯರು. ಲಗ್ನ ನಾಸಿಕದಾಗ ಅಂತ ನಿಮ್ಮದೊಂದು, ನೌಕರಿ ಬ್ಯಾಡ ಅಂತ ಅವರದೊಂದು. ಈಗ ನೀವು ಅಲ್ಲಿ ಹೋಗಿ ಸೊನ್ನೆ ಮಾಡಿದ್ರ, ಶುಭಾನ ನೌಕರಿ ಹೋತು. ನೀವು ಮ್ಯಾಡ್ರಿಡ್ ರೀ."

ರಾಯರಿಗೆ ಕೆನ್ನೆಗೆ ಬಾರಿಸಿದಂತಾಯಿತು. ಆ ಮಧ್ಯಾಹ್ನ ಒಂದು ಕಟ್ಟು ನೋಟನ್ನು ಮೂರು ಸಲ ಎಣಿಸಿದರು.

ಭಾನುವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೊರಟಾಗ ಶುಭಾ ಅಪ್ಪನ ಚೀಲಕ್ಕೆ ನೀರಿನ ಬಾಟಲಿ ಇಡುತ್ತ ಹೇಳಿದಳು: "ಅಪ್ಪಾ, ನೀವು ಅಲ್ಲಿ ಕಾಹೀ ಬೋಲಣಾರ ನಾಹೀ, ಏನೂ ಮಾತಾಡೋದಿಲ್ಲ ಅಂತ ನಂಗ ಗೊತ್ತದ. ಟೆನ್ಶನ್ ಮಾಡ್ಕೋಬ್ಯಾಡ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ರಾಯರು ತಡೆದುಕೊಳ್ಳುತ್ತಿದ್ದರು.

ಬಸ್ಸು ಯೇವಲಾ ದಾಟಿತು, ವೈಜಾಪುರ ದಾಟಿತು. ಮಂದಾಕಿನಿ ಕಿಟಕಿಗೆ ತಲೆ ಕೊಟ್ಟು ಮಲಗಿದ್ದಳು. ಪರರ ಮೈದಾನದಲ್ಲಿ ಕಾಲು ಏಳದು ಎಂದ ದತ್ತು ನಾಲಿಗೆಯ ಬಗ್ಗೆ ಏನೂ ಹೇಳಿರಲಿಲ್ಲವಲ್ಲ ಎಂದು ರಾಯರು ದಾರಿಯುದ್ದಕ್ಕೂ ಯೋಚಿಸಿದರು. ಮೊದಲ ವಾಕ್ಯ ಯಾವುದಿರಬೇಕು? "ಹಂಗಲ್ರಿ" ಎಂದು ಶುರು ಮಾಡುವುದೋ, "ತಪ್ಪು ತಿಳೀಬ್ಯಾಡ್ರಿ" ಎಂದೋ?

ಬೀಗರ ಮನೆ ಚೊಕ್ಕಟವಾಗಿತ್ತು. ಬಿಂದುಮಾಧವರಾಯರು ಬಾವಿ ತೋರಿಸಿದರು, ಗುರುರಾಜ ಹೊಸ ಸ್ಕೂಟರ್ ತೋರಿಸಿದ. ಉಪ್ಪಿಟ್ಟು ಬಂತು. ರಾಯರು ಒಂದು ತುತ್ತು ತಿಂದು, "ಉಪ್ಪಿಟ್ಟು ಭಾಳ ಛಲೋ ಆಗೇದ್ರಿ" ಅಂದರು. ಎರಡನೆಯ ಸಲ ಬಡಿಸಿದಾಗಲೂ ಅದನ್ನೇ ಅಂದರು. ಚಹಾ ಬಂತು, ಮುಗಿಯಿತು. ಸುಶೀಲಾಬಾಯಿ ಸೆರಗು ಸರಿಮಾಡಿಕೊಂಡು, "ಹಂಗಾರ ಎಲ್ಲಾ ನಾವು ಹೇಳಿದಂಗ ಪಕ್ಕಾ ಅಂತ ತಿಳಿಯೋಣೇನ್ರಿ?" ಎಂದು ಕೇಳಿದರು. ಮಂದಾಕಿನಿ ತಲೆ ತಗ್ಗಿಸಿದಳು. ಎಲ್ಲರೂ ರಾಯರ ಕಡೆ ನೋಡಿದರು.

"ಇಲ್ರಿ" ಅಂದರು ರಾಯರು. ದನಿ ತೀರ ಸಣ್ಣದಾಗಿ ಬಂತು. ಕೆಮ್ಮಿ ಮತ್ತೆ ಹೇಳಿದರು. "ನನ್ನ ಮಗಳು ನೌಕರಿ ಬಿಡೋದಿಲ್ರಿ. ಈ ಊರಿಗೆ ವರ್ಗ ಮಾಡಿಸ್ಕೋತಾಳ. ರಾತ್ರಿ ಪಾಳಿ ಬಂದ್ರ ಮಾಡ್ತಾಳ. ಇದು ಒಪ್ಪಿಗಿ ಇಲ್ಲಂದ್ರ ನಮಗ ಸಂಬಂಧ ಬ್ಯಾಡ."

ಮಂದಾಕಿನಿ ಗಂಡನನ್ನು ಮೊದಲ ಸಲ ನೋಡುತ್ತಿರುವಂತೆ ನೋಡಿದಳು.

"ನಮ್ಮ ಮನ್ಯಾಗ ಕೂತು, ನಮಗೇ ಹಿಂಗ ಹೇಳ್ತೀರಿ?" ಎಂದರು ಸುಶೀಲಾಬಾಯಿ.

"ಹೌದ್ರಿ. ನಮ್ಮ ಮನ್ಯಾಗೇ ಹೇಳಬೇಕಿತ್ತು. ಆಗ ಧೈರ್ಯ ಆಗಲಿಲ್ಲ."

ಸುಶೀಲಾಬಾಯಿ ಎದ್ದು ಒಳಗೆ ಹೋದರು. ಎಲ್ಲ ಮುಗಿಯಿತು ಎಂದುಕೊಂಡು ರಾಯರು ಚಪ್ಪಲಿಗಾಗಿ ಬಾಗಿಲ ಕಡೆ ಕಣ್ಣಾಡಿಸಿದರು. ಆದರೆ ಸುಶೀಲಾಬಾಯಿ ನೀರು ಕುಡಿದು ತಿರುಗಿ ಬಂದು ಅದೇ ಜಾಗದಲ್ಲಿ ಕೂತರು.

"ನಾ ಗುಲ್ಬರ್ಗಾದಾಗ ಹೆಣ್ಣುಮಕ್ಕಳ ಸಾಲಿ ಮಾಸ್ತರಾಣಿ ಇದ್ದೆ" ಅಂದರು. "ನಮ್ಮಪ್ಪ ಇವರ ಮನಿ ನೋಡ್ಲಿಕ್ಕೆ ಹೋಗಿದ್ರು. ಅವರು ತಿರುಗಿ ಬರೋತನಕ ನಾ ಬಾಗಿಲದಾಗ ನಿಂತಿದ್ದೆ. ಅಪ್ಪಾ, ನನ್ನ ಸಾಲಿ ವಿಷಯ ಮಾತಾಡಿದ್ರೇನು ಅಂತ ಕೇಳಿದೆ." ಅವರು ರಾಯರ ಖಾಲಿ ತಟ್ಟೆಯನ್ನು ಎತ್ತಿ ಪಕ್ಕಕ್ಕಿಟ್ಟರು. "ಉಪ್ಪಿಟ್ಟು ಭಾಳ ಛಲೋ ಆಗಿತ್ತವ್ವಾ, ಅಂದ್ರು."

ಬಿಂದುಮಾಧವರಾಯರು ಖಾಲಿ ಕಪ್ಪನ್ನು ಕೈಯಲ್ಲಿ ತಿರುಗಿಸುತ್ತ ಕೂತರು.

"ಗುರೂ," ಎಂದು ಸುಶೀಲಾಬಾಯಿ ಮಗನ ಕಡೆ ತಿರುಗಿದರು, "ಅಕಿಗೆ ರಾತ್ರಿ ಪಾಳಿ ಇದ್ದಾಗ ನೀ ಸ್ಕೂಟರ್ ಮ್ಯಾಲೆ ಬಿಟ್ಟು ಬರಬೇಕು. ನಿದ್ದಿ ಬರ್ತದ ಅಂದ್ರ ನಡಿಯೂದಿಲ್ಲ."

ನಾಸಿಕಕ್ಕೆ ಬಂದು ಇಳಿದಾಗ ದೀಪ ಹಚ್ಚುವ ಹೊತ್ತು. ಶುಭಾ ಬಾಗಿಲಲ್ಲೇ ನಿಂತಿದ್ದಳು. ಮಾಲೀಕರ ಸ್ಕೂಟರಿನ ಪಕ್ಕ ಅಪ್ಪ ಹೊಟ್ಟೆ ಒಳಗೆಳೆದುಕೊಂಡು ಓರೆಯಾಗಿ ಬರುವಷ್ಟರಲ್ಲಿ ಅವಳಿಗೆ ತಡೆಯಲಾಗಲಿಲ್ಲ.

"ಅಪ್ಪಾ, ಅವರು ಏನಂದ್ರು?"

"ಅದನ್ನ ನಿಮ್ಮವ್ವ ಹೇಳ್ತಾಳ" ಎಂದರು ಪ್ರಭಾಕರರಾಯರು. "ನಾ ಏನಂದೆ, ಅದನ್ನ ಮೊದಲು ಕೇಳು."