ಹಾಲಿನದೋ ಕರ್ಪೂರದ್ದೋ

ಹಳೆಯ ಬಾಚಣಿಗೆಯೋ ರೇಡಿಯೋದ ಗುಂಡಿಯೋ ರಿಪೇರಿಗೆಂದು ಕೈಗೆ ಬಂದರೆ ಮಾವ ಅದನ್ನು ಮೊದಲು ಹೆಬ್ಬೆರಳಿನಿಂದ ಬಿಸಿಯೇರುವ ತನಕ ಉಜ್ಜುವರು, ಆಮೇಲೆ ಮೂಗಿಗೆ ಹಿಡಿಯುವರು. ಆಸ್ಪತ್ರೆಯ ನೆಲ ಒರೆಸಿದ ವಾಸನೆ ಬಂದರೆ ಅದು ಬೇಕಲೈಟು, ಹಳೇ ಸ್ವಿಚ್ಚುಗಳ ಗಟ್ಟಿ ಪ್ಲಾಸ್ಟಿಕ್ಕು. ಅದರ ಧೂಳು ಎದೆಯಲ್ಲಿ ಕೂರುತ್ತದೆ, ಮೂಗು ಬಾಯಿ ಮುಚ್ಚುವ ಮಾಸ್ಕ್ ಇಲ್ಲದೆ ಕೊರೆಯುವಂತಿಲ್ಲ. ಕಲ್ನಾರು ಬೆರೆತಿರಬಹುದೆಂದು ಅನುಮಾನ ಬಂದರಂತೂ ಕೊರೆಯದೆಯೇ ವಾಪಸು. ಸೀದ ಹಾಲಿನ ವಾಸನೆ ಬಂದರೆ ಹಾಲಿನಿಂದ ಮಾಡಿದ ಹಳೇ ಕಾಲದ ಪ್ಲಾಸ್ಟಿಕ್ಕು. ನೀರು ಕುಡಿದರೆ ಊದಿಕೊಂಡು ಬಿರಿಯುವುದರಿಂದ ಅದನ್ನು ಒಣದಾಗಿಯೇ ಕಡೆಯಬೇಕು. ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡು, ಹಳೇ ಸಿನಿಮಾ ರೀಲಿನ ಪ್ಲಾಸ್ಟಿಕ್ಕು. ಅದಕ್ಕೆ ನೀರು ಬಿಡುತ್ತಲೇ ಇರಬೇಕು. ಒಣದಾಗಿ ಉಜ್ಜಿ ಕಾವೇರಿತೋ, ಭುಗ್ಗನೆ ಹತ್ತಿಕೊಳ್ಳುತ್ತದೆ. ಕಡೆಯುವ ಯಂತ್ರದ, ಅಂದರೆ ಲೇತ್‌ನ ಕೆಳಗೆ ಬಿದ್ದ ಅದರ ಸಿಪ್ಪೆಗೆ ಒಂದು ಕಿಡಿ ಸಾಕು.

ಇದೆಲ್ಲ ಸೊಸೆಗೆ ಮಾವನೇ ಹೇಳಿಕೊಟ್ಟದ್ದು. ಗಿರಾಕಿಗಳು ಅವರನ್ನು ಮೂಗಿನ ಮೇಸ್ತ್ರಿ ಎಂದೇ ಕರೆಯುತ್ತಿದ್ದರು.

ಮನೆಮಂದಿಗೆಲ್ಲ ಜ್ವರ ಬಂದು ಹೋದ ಮೇಲೆ ಒಂದು ಬೆಳಿಗ್ಗೆ ಹಾಲು ತಳ ಹಿಡಿದು ಅಡುಗೆಮನೆಯೆಲ್ಲ ಕಮಟು ತುಂಬಿತು. ಒಲೆಯ ಪಕ್ಕದಲ್ಲೇ ಪೇಪರ್ ಹಿಡಿದು ಕೂತಿದ್ದ ಮಾವ ತಲೆ ಎತ್ತಲಿಲ್ಲ. ಬಟ್ಟೆ ಒಣಹಾಕುತ್ತಿದ್ದ ಸೊಸೆ ಹಿತ್ತಲಿನಿಂದ ಓಡಿ ಬಂದಳು. ಮಾವನ ಮೂಗು ಹೋಗಿದೆಯೇ ಎಂಬ ಅನುಮಾನ ಅವತ್ತಿನಿಂದ ಅವಳಿಗೆ ಹತ್ತಿಕೊಂಡಿತು. ಬಸ್ ಓಡಿಸುವ ಗಂಡನಿಗೆ, ಅವನು ಡ್ಯೂಟಿಗೆ ಹೊರಡುವ ಗಡಿಬಿಡಿಯಲ್ಲೇ ಹೇಳಿದಳು. ಅಪ್ಪನ ಮೂಗಿನ ವಿಷಯದಲ್ಲಿ ನೀನು ಮೂಗು ತೂರಿಸಬೇಡ ಎಂದು ಅವನು ತನ್ನ ಜೋಕಿಗೆ ತಾನೇ ನಕ್ಕು ಹೊರಟುಹೋದ. ಅವಳಿಗೂ ತನ್ನ ಮೇಲೆ ಪೂರ್ತಿ ಭರವಸೆ ಇರಲಿಲ್ಲ. ಜ್ವರದ ನಂತರ ಅವಳ ಮೂಗೂ ಒಂದು ಹೊತ್ತು ಇದ್ದರೆ ಒಂದು ಹೊತ್ತು ಇರುತ್ತಿರಲಿಲ್ಲ.

ಮಾವನ ಕಾರ್ಖಾನೆ ಎಂದರೆ ಅಡುಗೆಮನೆಯ ಹಿಂದಿನ ಕೋಣೆ. ಅದನ್ನು ದಾಟಿದರೆ ಇನ್ನೊಂದು ಚಿಕ್ಕ ಕೋಣೆ, ಸೊಂಟ ಮುರಿದುಕೊಂಡ ಅತ್ತೆ ಅಲ್ಲಿ ಮಲಗಿದ್ದರು. ಕಿಟಕಿಗೆ ಕಬ್ಬಿಣದ ಸರಳು. ಅವರನ್ನು ಹೊರಗೆ ತರಬೇಕಾದರೆ ಲೇತ್ ಪಕ್ಕದಲ್ಲೇ ಹಾದು ಬರಬೇಕು. ಸೊಸೆ ಈ ದಾರಿಯನ್ನು ಮನಸ್ಸಿನಲ್ಲಿ ಎಷ್ಟು ಸಲ ನಡೆದಿದ್ದಳೋ. ಪ್ರತಿಸಲವೂ ಮಂಚ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಆ ದಿನ ಮಾವ ದಂತದ ಬಣ್ಣದ ಒಂದು ಕೈಗನ್ನಡಿ ಹಿಡಿದುಕೊಂಡು ಕೂತಿದ್ದರು. ಅದರ ಹಿಡಿ ಕಳಚಿ, ಗೀರು ತೆಗೆದು ಹೊಳಪು ಕೊಡಬೇಕಿತ್ತು. ಉಜ್ಜಿದರು, ಮೂಸಿದರು, ಹಾಲಿನದು ಅಂದರು. ನೀರಿನ ಬಕೆಟ್ಟನ್ನು ಅವರೇ ಎತ್ತಿ ಅಡುಗೆಮನೆಯಲ್ಲಿಟ್ಟರು. ಲೇತ್ ಗುಂಯ್ ಎಂದಿತು.

ಪಾತ್ರೆ ತೊಳೆಯುತ್ತಿದ್ದ ಸೊಸೆಯ ಮೂಗಿಗೆ ಕರ್ಪೂರ ಬಡಿಯಿತು.

ಕೈ ಹಾಗೇ ನಿಂತಿತು. ಮತ್ತೆ ಉಸಿರೆಳೆದಳು, ಬರೀ ಸಾಬೂನು. ಬಂದದ್ದು ನಿಜವೋ ಭಯವೋ ತಿಳಿಯಲಿಲ್ಲ. ಹಾಲಿನದೇ ಆಗಿದ್ದು ತಾನು ನೀರು ಹೊಯ್ದರೆ ಯಾರದೋ ಅಜ್ಜಿಯ ಕನ್ನಡಿ ಹಾಳು, ಮಾವನ ಹೆಸರಿಗೆ ಮಸಿ. ಆಗಿರದಿದ್ದರೆ? ಅಷ್ಟರಲ್ಲಿ ಮತ್ತೊಮ್ಮೆ ಬಂತು ಆ ವಾಸನೆ, ಸಣ್ಣಗೆ.

ಬಾಗಿಲಿಗೆ ಹೋಗಿ ಯಂತ್ರದ ಸದ್ದಿಗಿಂತ ಮೇಲೆ ದನಿ ಎತ್ತಿ, "ಮಾವ, ಕರ್ಪೂರ ಬರ್ತಿದೆ" ಅಂದಳು.

"ನಿನಗೆ ನೆಗಡಿ."

"ಒಂದ್ಸಲ ನಿಲ್ಸಿ ನೋಡಿ."

ಮೂವತ್ತು ವರ್ಷದಿಂದ ತಾನು ಮೂಸದೇ ಇದ್ದದ್ದನ್ನು ಇವಳು ಬಂದು ಮೂಸಬೇಕೇ, ಒಲೆಯ ಮೇಲೇನಿದೆ ಅದನ್ನು ನೋಡು ಹೋಗು, ಎಂದು ಮಾವ ತಿರುಗಿಯೂ ನೋಡದೆ ಗದರಿದರು. ಒಳಗಿನ ಕೋಣೆಯಿಂದ ಅತ್ತೆಯ ದನಿ, ಎಂದಿನಂತೆ ನಿಧಾನ:

"ಅವರನ್ನೇನು ಕೇಳ್ತೀಯೇ? ಆ ಮೂಗಲ್ಲಿ ಈಗ ಉಳಿದಿರೋದು ಕೋಪ ಒಂದೇ."

ಹಾಗಾದರೆ ಅತ್ತೆಗೂ ಗೊತ್ತು. ಗೊತ್ತಿದ್ದೂ ಆ ಮಂಚದ ಮೇಲೆ ಸುಮ್ಮನೆ ಮಲಗಿದ್ದಾರೆ. ಸೊಸೆ ಲೇತ್ ಕಡೆ ನೋಡಿದಳು. ಮರಳು ಕಾಗದ ಒತ್ತಿದ ಜಾಗದಿಂದ ನೂಲಿನಂಥ ಹೊಗೆ ಏಳುತ್ತಿತ್ತು. ಮಾವನ ಕನ್ನಡಕದ ಗಾಜಿಗೆ ಧೂಳು ಮೆತ್ತಿತ್ತು, ಅವರಿಗೆ ಕಾಣಲಿಲ್ಲ. ಕೆಳಗೆ ತಟ್ಟೆಯಲ್ಲಿ ಬಿಳಿ ಸಿಪ್ಪೆ ರಾಶಿಯಾಗಿತ್ತು.

ಅಡುಗೆಮನೆಯ ಗೋಡೆಯ ಮೇನ್ ಸ್ವಿಚ್ಚನ್ನು ಎಳೆದಳು. ಲೇತ್ ನರಳುತ್ತಾ ನಿಧಾನವಾಯಿತು. ಮಾವ ಏನು ಎನ್ನುವಷ್ಟರಲ್ಲಿ ಬಕೆಟ್ ಎತ್ತಿ ತಂದು ಹಿಡಿಯ ಮೇಲೆ, ಸಿಪ್ಪೆಯ ಮೇಲೆ ಒಟ್ಟಿಗೇ ಸುರಿದಳು. ಹಿಡಿ ಚುಯ್ ಎಂದಿತು. ಅದರ ಒಂದು ಮಗ್ಗುಲು ಕಂದಿ, ಗುಳ್ಳೆ ಎದ್ದಿತ್ತು.

ಮಾವನ ಪಂಚೆ ಒದ್ದೆ. ಅವರು ಆ ಗುಳ್ಳೆಯನ್ನು ಉಗುರಿನಿಂದ ಮುಟ್ಟಿದರು, ಮೂಗಿಗೆ ಹಿಡಿದರು. ಮತ್ತೆ ಹಿಡಿದರು. ಕಣ್ಣು ಮುಚ್ಚಿ ದೀರ್ಘವಾಗಿ ಎಳೆದುಕೊಂಡರು. ಅವಳು ಮುಖ ತಿರುಗಿಸಿಕೊಂಡಳು, ನೋಡಲಾಗಲಿಲ್ಲ.

"ಯಾವಾಗಿಂದ ಗೊತ್ತು ನಿನಗೆ?"

"ಹಾಲು ಸೀದ ದಿನದಿಂದ."

ಮಾವ ಕನ್ನಡಿಯ ಹಿಡಿಯನ್ನು ಬದಿಗಿಟ್ಟರು. ಆಮೇಲೆ ಬೇರೊಬ್ಬರ ಕೊಡೆಯ ಹಳದಿ ಹಿಡಿಯನ್ನು ಬೆಂಚಿನಿಂದ ತೆಗೆದು ಅವಳ ಕೈಗಿಟ್ಟರು. ಬೇಡುವ ದನಿಯದು, ಆ ದನಿಯನ್ನು ಅವಳು ಅವರ ಬಾಯಲ್ಲಿ ಕೇಳಿರಲಿಲ್ಲ.

"ಇದೇನು ನೋಡಮ್ಮ. ನೀನು ಹೇಳು, ನಾನು ಕಡೀತೀನಿ. ಹೊರಗೆ ಯಾರಿಗೂ ತಿಳಿಯೋದು ಬೇಡ."

ಅವಳು ಉಜ್ಜಿದಳು. ಹೆಬ್ಬೆರಳು ಉರಿಯುವಷ್ಟು ಉಜ್ಜಿ ಮೂಸಿದಳು. ಏನೂ ಇಲ್ಲ. ಒದ್ದೆ ನೆಲದ ವಾಸನೆ ಕೂಡ ಇಲ್ಲ. ಇನ್ನೊಮ್ಮೆ ಉಜ್ಜಿದಳು. ಹಾಲಿನದು ಅಂದುಬಿಡಬಹುದಿತ್ತು. ಅವರು ನಂಬುತ್ತಿದ್ದರು, ಅವರ ಮುಖ ಅಷ್ಟಕ್ಕೇ ಕಾದು ನಿಂತಿತ್ತು.

"ಗೊತ್ತಾಗ್ತಿಲ್ಲ ಮಾವ. ನನ್ನದೂ ಹೋಗ್ತಾ ಬರ್ತಾ ಇರತ್ತೆ."

ಮಾವ ಹಿಡಿಯನ್ನು ಅವಳಿಂದ ತೆಗೆದುಕೊಂಡು, ಮೊಬೈಲ್ ಹುಡುಕಿ ಕೊಡೆಯ ಗಿರಾಕಿಗೆ ಫೋನ್ ಹಚ್ಚಿದರು. "ಇದು ಯಾವುದು ಅಂತ ನನಗೆ ತಿಳೀತಿಲ್ಲ. ತಿಳೀದೇ ಇರೋದನ್ನ ಕಡೆಯೋಕಾಗಲ್ಲ, ಬಂದು ತಗೊಂಡು ಹೋಗಿ" ಅಂದರು. ಆ ಕಡೆ ನಗು ಕೇಳಿಸಿತು, ಮೂಗಿನ ಮೇಸ್ತ್ರಿ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಿರಬೇಕು. ಮಾವ ಅದೇ ಮಾತನ್ನು ಇನ್ನೊಂದು ಸಲ, ಬಿಡಿಸಿ ಬಿಡಿಸಿ ಹೇಳಬೇಕಾಯಿತು.