ಗೋಡೆಯ ಮೇಲಿನ ಅತ್ತೆ

"ಇದು ನಮ್ಮತ್ತೆ ಅಲ್ಲ."

ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ತಂದಿದ್ದ ದೊಡ್ಡ ಫೋಟೋವನ್ನು ಆ ಹೆಂಗಸು ಸ್ಟುಡಿಯೋದ ಕೌಂಟರಿನ ಮೇಲೆ ಮಲಗಿಸಿದಳು. ಸ್ಟುಡಿಯೋದ ಯಜಮಾನ ಬಗ್ಗಿ ನೋಡಿದ. ವಿಗ್ಗಿನ ಅಂಚನ್ನು ಬೆರಳಿನಿಂದ ಸರಿಮಾಡಿಕೊಂಡು ನಕ್ಕ.

"ಏನಮ್ಮಾ, ತಮಾಷೆ ಮಾಡ್ತೀರಾ? ತಗೊಂಡು ಹೋಗಿ ಆರು ತಿಂಗಳಾಯ್ತು. ಇಷ್ಟು ದಿನ ನಿಮ್ಮ ಗೋಡೆ ಮೇಲೆ ಇದ್ದೋರು ಯಾರು ಹಾಗಾದ್ರೆ?"

"ಬೇಕರಿಯವರ ತಾಯಿ."

ಒಳಗಿನ ಮೇಜಿನಲ್ಲಿ ಯಾರದೋ ಕೆನ್ನೆಗೆ ಬಣ್ಣ ಹಚ್ಚುತ್ತಿದ್ದವಳ ಕೈ ನಿಂತಿತು. ಯಜಮಾನ ಅವಳ ಚಿಕ್ಕಪ್ಪ. ತೀರಿಕೊಂಡವರ ಫೋಟೋಗಳನ್ನು ದೊಡ್ಡದು ಮಾಡಿಕೊಡುವುದಕ್ಕೆ ಆ ಸ್ಟುಡಿಯೋ ಹೆಸರುವಾಸಿ. ಹಾಗೆ ದೊಡ್ಡದಾದ ಮುಖಗಳನ್ನು ಕುಂಚ ಹಿಡಿದು ತಿದ್ದುವ ಟಚಿಂಗ್ ಕೆಲಸ ಅವಳದು. ಸುಕ್ಕು ತೆಗೆಯುವುದು, ಮಚ್ಚೆ ಅಳಿಸುವುದು, ಗುಳಿಬಿದ್ದ ಕೆನ್ನೆ ತುಂಬಿಸುವುದು, ತುಟಿಯ ಕೊನೆಯನ್ನು ಒಂದೆಳೆ ಮೇಲಕ್ಕೆತ್ತಿ ನಗು ತರಿಸುವುದು. ಬೀದಿಯವರು ಅವಳನ್ನು ಪೌಡರಕ್ಕ ಎಂದೇ ಕರೆಯುತ್ತಿದ್ದರು. ಬದುಕಿದ್ದಾಗ ಹೇಗಾದರೂ ಇರಲಿ, ಸತ್ತ ಮೇಲೆ ಚೆನ್ನಾಗಿ ಕಾಣಬೇಕಾದರೆ ಪೌಡರಕ್ಕನ ಕೈಗೆ ಬೀಳಬೇಕು ಎಂದು ಚೇಷ್ಟೆ ಮಾಡುತ್ತಿದ್ದರು.

"ಬೇಕರಿಯವರ ಸೊಸೆ ಹೆತ್ತಿದಾಳೆ ಅಂತ ನೋಡೋಕೆ ಹೋಗಿದ್ದೆ," ಎಂದಳು ಆ ಹೆಂಗಸು. "ಕೂತ್ಕೊಂಡು ತಲೆ ಎತ್ತಿದ್ರೆ ಗೋಡೆ ಮೇಲೆ ನಮ್ಮತ್ತೆ! ಮುಖ ನೋಡಿ ಗೊತ್ತಾಗಿದ್ದಲ್ಲ ರೀ, ಕನ್ನಡಕ ನೋಡಿ. ಅದರ ಕಡ್ಡಿ ಮುರಿದಾಗ ತಾಮ್ರದ ತಂತಿ ಸುತ್ತಿ ಕೊಟ್ಟೋಳೇ ನಾನು. ಹೊಸದು ತರ್ತೀನಿ ಅಂದ್ರೆ ಬೇಡ ಅಂದ್ರು. ಚೆನ್ನಾಗಿದೆ ಅಂತ ಒಂದು ಮಾತು ಹೇಳ್ಲಿಲ್ಲ, ಸಾಯೋ ತನಕ ಅದನ್ನೇ ಹಾಕ್ಕೊಂಡಿದ್ರು."

"ಮತ್ತೆ ಬೇಕರಿಯವರು?"

"ಅವರಿಗೂ ಗೊತ್ತಾಗಿಲ್ಲ. ದಿನಾ ನಮ್ಮತ್ತೆ ಮುಂದೇನೇ ಕೂತು ಊಟ ಮಾಡ್ತಾರೆ."

ಚಿಕ್ಕಪ್ಪನಿಗೆ ಹೋದ ಜೀವ ಬಂದಂತಾಯಿತು. "ಅಷ್ಟೇ ತಾನೆ! ಕಟ್ಟಿ ಕಳಿಸುವಾಗ ಆಚೀಚೆ ಆಗಿದೆ. ಇವತ್ತೇ ನಾನೇ ಹೋಗಿ ಬದಲಾಯಿಸಿಕೊಂಡು ಬರ್ತೀನಿ."

"ಬೇಡ. ಅದೂ ನಮ್ಮತ್ತೆ ಅಲ್ಲ. ತಂತಿ ಮಾತ್ರ ಅವರದು."

ಪೌಡರಕ್ಕನಿಗೆ ಆ ತಂತಿ ನೆನಪಿತ್ತು. ಅದನ್ನೂ ಅಳಿಸಬೇಕೆಂದುಕೊಂಡಿದ್ದಳು, ನಡುವೆ ಯಾರೋ ಮಾತಾಡಿಸಿದ್ದರಿಂದ ಮರೆತುಹೋಗಿತ್ತು. ಅಷ್ಟು ದೊಡ್ಡ ಮುಖದಲ್ಲಿ ಉಳಿದ ನಿಜ, ತಾನು ಅಳಿಸಲು ಮರೆತದ್ದೊಂದೇ. ಅವಳಿಗೆ ನಾಚಿಕೆಯಾಯಿತು. ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಇಷ್ಟು ವರ್ಷದಲ್ಲಿ ಯಾವ ಗಿರಾಕಿಯನ್ನೂ ಕೇಳದ ಮಾತನ್ನು ಕೇಳಿದಳು.

"ಹೇಗಿದ್ರು ನಿಮ್ಮತ್ತೆ?"

ಹೆಂಗಸು ಸ್ವಲ್ಪ ಯೋಚಿಸಿ, ತನ್ನ ತುಟಿಯನ್ನೇ ಒಂದು ಕಡೆಗೆ ಎಳೆದು ತೋರಿಸಿದಳು. "ಬಾಯಿ ಹೀಗೆ, ತಟ್ಟೇಲಿ ಕೂದಲು ಸಿಕ್ಕಿದೋರ ಥರ. ಎಡಗಡೆ ಹುಬ್ಬು ಯಾವಾಗ್ಲೂ ಮೇಲೆ. ನಾನು ಏನು ಮಾಡಿಟ್ರೂ ಆ ಹುಬ್ಬು ಕೇಳೋದು, 'ಇಷ್ಟೇನಾ?' ಅಂತ." ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿತು. ಅದಕ್ಕೆ ಅವಳಿಗೇ ಸಿಟ್ಟು ಬಂದು ಸೆರಗಿನಿಂದ ಗಸಗಸ ಒರೆಸಿಕೊಂಡಳು.

"ನಾನು ಕೈಯಲ್ಲೇ ಬರೆದು ಕೊಡ್ತೀನಿ," ಎಂದಳು ಪೌಡರಕ್ಕ. ಚಿಕ್ಕಪ್ಪ ಅವಳನ್ನು ತಿರುಗಿ ನೋಡಿದ.

ಭಾನುವಾರ ಅವಳು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಕಿಟಕಿ ತೆರೆದಳು, ಮುಚ್ಚಿದಳು. ತೊಳೆದಿಟ್ಟ ಕುಂಚಗಳನ್ನೇ ಮತ್ತೆ ತೊಳೆದಳು. ಕೋಣೆಯ ಗೋಡೆಗೆ ಒರಗಿ, ಅವಳೇ ಬರೆದ ಉದ್ದ ಕತ್ತಿನ ನೀಲಿ ಹೆಂಗಸರು ನಿಂತಿದ್ದರು. ವರ್ಷದ ಚಿತ್ರಪ್ರದರ್ಶನಕ್ಕೆ ಅವರನ್ನು ಮರುದಿನ ಬೆಳಿಗ್ಗೆ ಒಪ್ಪಿಸಬೇಕಿತ್ತು. ಹಿಂದೆ ಕುದುರೆಗಳನ್ನು ಬರೆದಿದ್ದಳು, ಕುದುರೆಗಳ ಕಾಲ ಮುಗಿಯಿತೆಂದು ಯಾರೋ ಹೇಳಿದ ಮೇಲೆ ದೋಣಿಗಳನ್ನು ಬರೆದಿದ್ದಳು. ಈಗ ಚಾಲ್ತಿಯಲ್ಲಿರುವುದು ನೀಲಿ ಹೆಂಗಸರೇ ಅಂತೆ. ಪ್ರತಿ ವರ್ಷ ಜನ ಬಂದು ಚಿತ್ರದ ಮುಂದೆ ನಿಂತು, "ಚೆನ್ನಾಗಿದೆ" ಎಂದು ತಲೆಯಾಡಿಸಿ, ಫ್ಯಾನಿನ ಗಾಳಿ ಎಲ್ಲಿ ಬರುತ್ತದೆಂದು ಹುಡುಕುತ್ತಿದ್ದರು. ಮನೆಗೆ ಬಂದು ಅವಳು ತನ್ನ ಕೈಯನ್ನೇ ಬೈದುಕೊಳ್ಳುತ್ತಿದ್ದಳು.

ಇವತ್ತು ನೀಲಿ ಹೆಂಗಸರ ತುಟಿಗಳನ್ನು ನೋಡಿದಳು. ಬೇಕರಿಯವರ ತಾಯಿಯ ತುಟಿ ಅದು. ಸ್ಟುಡಿಯೋದಿಂದ ಹೊರಬಿದ್ದ ಎಲ್ಲ ಹೆಣಗಳ ತುಟಿ.

ಸ್ಕೂಲಿಗೆ ಹೋಗುವ ಕಾಲದಲ್ಲಿ ಅವಳು ಹೀಗಿರಲಿಲ್ಲ. ಹಿತ್ತಲ ಗೋಡೆಯ ಮೇಲೆ ಇದ್ದಿಲಿನಲ್ಲಿ ಮನೆಯವರನ್ನೆಲ್ಲ ಇದ್ದ ಹಾಗೇ ಇಳಿಸುತ್ತಿದ್ದಳು. ಅಜ್ಜಿಯ ಗದ್ದದ ಕೂದಲು, ಬಾಯಿ ತೆರೆದು ಗೊರಕೆ ಹೊಡೆಯುವ ಅಪ್ಪ. ಮನೆಯವರು ಬಿದ್ದು ಬಿದ್ದು ನಗುತ್ತಿದ್ದರು. ಒಂದು ದಿನ ಚಿಕ್ಕಪ್ಪನನ್ನು ಬರೆದಳು. ಆಗಿನ್ನೂ ಅವನು ಮದುವೆಯಾಗದ ಹುಡುಗ. ಕೂದಲು ಉದುರುತ್ತಿದ್ದ ತಲೆಯ ಮೇಲೆ ಆ ಕಿವಿಯಿಂದ ಈ ಕಿವಿಗೆ ನಾಲ್ಕು ಎಳೆ ಹೊದಿಸಿ ಬಾಚಿಕೊಳ್ಳುತ್ತಿದ್ದ. ಬಂದ ನೆಂಟರೆಲ್ಲ ಗೋಡೆಯ ಮುಂದೆ ಸೇರಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಚಿಕ್ಕಪ್ಪನೇ. ಸ್ವಲ್ಪ ದಿನಕ್ಕೆ ವಿಗ್ ಹಾಕಿಕೊಂಡು ಮನೆಗೆ ಬಂದ. ಯಾರೂ ಏನೂ ಕೇಳಲಿಲ್ಲ, ಅವನೂ ಅವಳಿಗೆ ಏನೂ ಅನ್ನಲಿಲ್ಲ. ಒಂದು ಏಟು ಹಾಕಿದ್ದರೂ ಅವಳಿಗೆ ಸಮಾಧಾನವಾಗುತ್ತಿತ್ತು. ಆಮೇಲೆ ಅವನೇ ಕರೆದು ಕೆಲಸ ಕೊಟ್ಟ, ಎಲ್ಲರನ್ನೂ ಚೆಂದ ಮಾಡುವ ಕೆಲಸ. ಅವಳು ಬಾಯಿ ಮುಚ್ಚಿಕೊಂಡು ಮಾಡಿದಳು.

ದೊಡ್ಡದು ಮಾಡಲು ಆ ಮನೆಯವರು ಕೊಟ್ಟಿದ್ದ ಅತ್ತೆಯ ಸಣ್ಣ ಫೋಟೋವನ್ನು ಕವರಿನಿಂದ ತೆಗೆದು ಕಿಟಕಿಗೆ ಆನಿಸಿದಳು. ಬಣ್ಣ ಬೇಡವೆನಿಸಿತು. ಪೆನ್ಸಿಲು ಹಿಡಿದು ಮೊದಲು ಹುಬ್ಬು ಬರೆದಳು. ಹುಬ್ಬು ಮೇಲೇರಿತು. ಆಮೇಲೆ ಬಾಯಿ. ಮಾಡಿಟ್ಟ ಟೀ ಆರಿ ಕೆನೆಗಟ್ಟಿತು. ಕೊನೆಗೆ ಕನ್ನಡಕದ ಕಡ್ಡಿಗೆ ತಂತಿಯನ್ನು ಸುತ್ತು ಸುತ್ತಾಗಿ ಬರೆಯುವಾಗ ಅವಳು ತನ್ನಷ್ಟಕ್ಕೆ ನಗುತ್ತಿದ್ದಳು. ಯಾರಿಗೆ ಇಷ್ಟವಾಗುತ್ತದೋ ಎಂಬ ಯೋಚನೆ ಒಮ್ಮೆಯೂ ಬರಲಿಲ್ಲ ಎನ್ನುವುದು ಮುಗಿದ ಮೇಲೆ ಹೊಳೆಯಿತು. ಹೊಳೆದದ್ದೇ ಹೆದರಿಕೆಯಾಯಿತು.

ಮರುದಿನ ನೀಲಿ ಹೆಂಗಸರು ಕೋಣೆಯಲ್ಲೇ ಉಳಿದರು. ಸ್ಟುಡಿಯೋದಲ್ಲಿ ಚಿತ್ರ ಬಿಚ್ಚಿದಾಗ ಚಿಕ್ಕಪ್ಪ ಒಂದು ಹೆಜ್ಜೆ ಹಿಂದಕ್ಕೆ ಸರಿದ.

"ಇದೇನೇ ಇದು? ದುಡ್ಡು ಕೊಟ್ಟು ಯಾರಾದ್ರೂ ಬೈಸಿಕೊಳ್ತಾರಾ? ತುಟಿ ಸ್ವಲ್ಪ ಎತ್ತಿಬಿಡು ಮಾರಾಯ್ತಿ, ಅವರು ಬರೋದ್ರೊಳಗೆ."

"ಎತ್ತಲ್ಲ."

ಅವಳ ದನಿಗೆ ಅವಳೇ ಬೆಚ್ಚಿದಳು. ಅಷ್ಟರಲ್ಲಿ ಫೋಟೋ ವಾಪಸ್ ತಂದಿದ್ದ ಸೊಸೆ ಬಂದಳು, ಜೊತೆಗೆ ಗಂಡ. ಗಂಡ ಚಿತ್ರ ನೋಡಿದವನೇ ಹುಬ್ಬು ಗಂಟಿಕ್ಕಿದ. "ಯಾರ್ರೀ ಇದು? ನಮ್ಮಮ್ಮ ಹೀಗಿರ್ಲಿಲ್ಲ. ಯಾವಾಗ್ಲೂ ನಗುನಗುತಾ ಇರೋರು. ಬೇಡ ಬಿಡಿ, ಬೇಕರಿಯವರ ಹತ್ರ ಇರೋದನ್ನೇ ತರಿಸಿಕೊಡಿ."

ಸೊಸೆಯ ಕೈ ತಾನಾಗಿ ಮೇಲೆದ್ದು ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿತು, ಜಾರಿದ್ದ ಸೆರಗನ್ನು ನೆಟ್ಟಗೆ ಮಾಡಿತು. ಆಮೇಲೆ ತಾನು ಮಾಡಿದ್ದು ಗೊತ್ತಾಗಿ ನಕ್ಕುಬಿಟ್ಟಳು.

"ನೋಡಿದ್ರಾ? ಇನ್ನೂ ಹೆದರಿಸ್ತಾರೆ," ಎಂದು ಗಂಡನ ಕಡೆ ತಿರುಗಿದಳು. "ನಿಮ್ಮನ್ನ ನೋಡಿ ನಗ್ತಿದ್ರು, ನಿಜ. ನೀವು ಮನೇಲಿ ಇರ್ತಿದ್ದಿದ್ದು ಎಷ್ಟು ಹೊತ್ತು? ದಿನವೆಲ್ಲಾ ಜೊತೇಲಿ ಇದ್ದೋಳು ನಾನು. ನಿಮ್ಮ ಅಮ್ಮನ್ನ ನೀವು ಹಾಲ್‌ನಲ್ಲಿ ಹಾಕ್ಕೊಳ್ಳಿ. ನಮ್ಮತ್ತೇನ ನಾನು ಅಡುಗೆಮನೇಲಿ ಹಾಕ್ಕೊಳ್ತೀನಿ." ಚಿತ್ರವನ್ನು ಬೇರೆ ಯಾರ ಕೈಗೂ ಕೊಡದೆ ಎದೆಗೆ ಅವಚಿಕೊಂಡು ಹೊರಟಳು. ಬಾಗಿಲಲ್ಲಿ ನಿಂತು ಪೌಡರಕ್ಕನಿಗೆ, "ಬೇಕರಿಯವರಿಗೂ ಹೇಳ್ತೀನಿ, ಅವರೂ ಬರೆಸಿಕೊಳ್ಳಲಿ," ಎಂದಳು.

ಅವರು ಹೋದ ಮೇಲೆ ಚಿಕ್ಕಪ್ಪ ಮಾದರಿ ಫೋಟೋಗಳ ಷೋಕೇಸಿನ ಮುಂದೆ ಹೋಗಿ ನಿಂತ. ಒಳಗೆ ಸಾಲಾಗಿ ಕೂತವರೆಲ್ಲ ಒಂದೇ ಸಮ ನಗುತ್ತಿದ್ದರು.

"ಇವರಲ್ಲಿ ಯಾರು ಯಾರು ಅಂತ ನನಗೂ ಗೊತ್ತಾಗಲ್ಲ ಕಣೇ," ಎಂದ.

ಬೀದಿಯ ಕಡೆಯ ಪರದೆ ಎಳೆದು, ಗಿರಾಕಿಗಳನ್ನು ಕೂರಿಸುವ ಸ್ಟೂಲಿನ ಮೇಲೆ ಬಂದು ಕೂತ. ಎರಡೂ ಕೈಯಿಂದ ವಿಗ್ ತೆಗೆದು ಮಡಿಲಲ್ಲಿಟ್ಟುಕೊಂಡ. ಬಿಸಿಲು ಕಾಣದ ನೆತ್ತಿ ಮುಖಕ್ಕಿಂತ ಬೆಳ್ಳಗಿತ್ತು. ಬೆವರಿಗೆ ಅಂಟಿಕೊಂಡ ನಾಲ್ಕು ಎಳೆ ನರೆಗೂದಲು ಅದರ ಮೇಲಿತ್ತು.

"ಚಿಕ್ಕಪ್ಪ..." ಎಂದಳು ಅವಳು.

"ಬರಿ. ನಾಳೆ ನಾನು ಹೋದ ಮೇಲೆ ನನ್ನನ್ನೂ ಯಾರದ್ದೋ ಮನೇಲಿ ನೇತು ಹಾಕಿದ್ರೆ ಏನು ಗತಿ?"

ಅವಳು ಹಾಳೆ ತೆಗೆದಳು. ಪೆನ್ಸಿಲು ಹೆರೆಯುವಾಗ ತುದಿ ಮುರಿಯಿತು, ಮತ್ತೆ ಹೆರೆದಳು. ಚಿಕ್ಕಪ್ಪನ ಕೈ ಹಳೆಯ ಅಭ್ಯಾಸಕ್ಕೆ ಮೇಲೆದ್ದು, ಆ ನಾಲ್ಕು ಎಳೆಯನ್ನು ಈ ಕಿವಿಯ ಕಡೆಗೆ ಎಳೆಯತೊಡಗಿತು.

"ಮುಟ್ಟಬೇಡ," ಎಂದಳು ಅವಳು. "ಹಾಗೇ ಇರ್ಲಿ."

ಅವನು ಕೈ ಇಳಿಸಿ ಮಡಿಲಲ್ಲಿದ್ದ ವಿಗ್ಗಿನ ಮೇಲಿಟ್ಟುಕೊಂಡ, ಅಲುಗಾಡದೆ ಕೂತ.