ಅಪ್ಪನ ಪಾಲಿನ ಮಾತ್ರೆ

ಅಪ್ಪನ ಎಲುಬಿಗೆ ಕ್ಯಾನ್ಸರ್ ಇಳಿದ ವರ್ಷ ನಾನು ಕದಿಯಲು ಶುರುಮಾಡಿದೆ.

ಮೊದಲು ತಿಂದದ್ದು ನನ್ನವೇ ಮಾತ್ರೆ. ವೃದ್ಧಾಶ್ರಮದಲ್ಲಿ ರೋಗಿಗಳನ್ನು ಎತ್ತಿ ಮಲಗಿಸುವ ಕೆಲಸ; ಸೊಂಟ ಹಿಡಿದಾಗ ಊರ ಡಾಕ್ಟರು, "ನೋವಿಗೆ ಹೊಸ ಮಾತ್ರೆ, ಚಟ ಹತ್ತಲ್ಲ" ಅಂತ ಬರೆದುಕೊಟ್ಟರು. ವೆಸ್ಟ್ ವರ್ಜೀನಿಯಾದ ನಮ್ಮ ಗಣಿಯೂರುಗಳಲ್ಲಿ ಆಗ ಮನೆಮನೆಯಲ್ಲೂ ಅದೇ. ಸೊಂಟ ಸರಿಹೋಯಿತು, ಮಾತ್ರೆ ಬಿಡಲಿಲ್ಲ. ಕಂಡಕಂಡವರಿಗೆ ಅದನ್ನೇ ಬರೆದುಕೊಟ್ಟರೆಂದು ಆ ಡಾಕ್ಟರ ಕ್ಲಿನಿಕ್ಕಿಗೆ ಪೊಲೀಸರು ಬೀಗ ಜಡಿದ ವಾರ, ಮಾತ್ರೆಯಿಲ್ಲದೆ ವಾಂತಿ ಮಾಡಿಕೊಂಡು ಬಚ್ಚಲ ನೆಲದ ಮೇಲೆ ನಡುಗುತ್ತ ಬಿದ್ದಿದ್ದೆ. ಕಪಾಟಿನಲ್ಲಿ ಅಪ್ಪನ ನೋವಿಗೆ ಕೊಟ್ಟ ಅದೇ ಮಾತ್ರೆಯ ಬಾಟಲಿಯಿತ್ತು.

ಅವನ ಮಾತ್ರೆ ನಾನು ನುಂಗಿದೆ. ಅವನ ಬಾಯಿಗೆ ಅದೇ ಬಣ್ಣದ ಜ್ವರದ ಮಾತ್ರೆ ಹಾಕಿದೆ. ಮೂವತ್ತೊಂದು ವರ್ಷ ಕಲ್ಲಿದ್ದಲು ಕಡಿದವನು ದಿಂಬು ಕಚ್ಚಿಕೊಂಡು ನರಳುತ್ತಿದ್ದ. ಅವನ ಕಾಲೊತ್ತುತ್ತಿದ್ದವಳೂ ನಾನೇ.

ಮೂರು ವಾರವಾಯಿತು. ಮನೆಗೆ ಬಂದು ನೋಡುತ್ತಿದ್ದ ನರ್ಸ್ ಪ್ರೂಯಿಟ್, "ಪಾಪ, ಈ ಡೋಸು ಸಾಲ್ತಿಲ್ಲ" ಎಂದು ಕ್ಯಾನ್ಸರ್ ಆಸ್ಪತ್ರೆಯ ಡಾಕ್ಟರಿಗೆ ಹೇಳಿ ಮೂರು ಪಟ್ಟು ಮಾಡಿಸಿದಳು. ನನಗೆ ಖುಷಿಯಾಯಿತು, ದೇವರಾಣೆ.

ಆದರೆ ಹೊಸ ಬಾಟಲಿ ತಂದವಳು ಅಕ್ಕ ಕ್ಲೀಟಾ. "ಮುಖ ನೋಡ್ಕೊಂಡಿದೀಯಾ ವರ್ಲೀನ್? ಹೆಣದ ಥರ ಇದೀಯ. ಹೋಗಿ ಮಲ್ಕೋ, ಇವತ್ತು ಅಪ್ಪಂಗೆ ನಾನೇ ಕೊಡ್ತೀನಿ."

ಅವಳ ಅಂಗೈಯಲ್ಲಿ ಮೂರು ಮಾತ್ರೆ. ವಾರಗಟ್ಟಲೆ ಒಂದನ್ನೂ ಕಾಣದ ಮೈ ಅಷ್ಟನ್ನು ತಡೆಯುವುದಿಲ್ಲ, ಉಸಿರೇ ನಿಲ್ಲಬಹುದು. ನನಗೆ ಗೊತ್ತಿತ್ತು. ಸುಮ್ಮನಿದ್ದರೆ ಎಲ್ಲರೂ ಕ್ಯಾನ್ಸರಿನಿಂದ ಹೋದ ಅನ್ನುತ್ತಿದ್ದರು. ಅಪ್ಪ ಮಾತ್ರೆಗೆ ಬಾಯಿ ತೆರೆಯುವವರೆಗೂ ನಾನು ಸುಮ್ಮನೇ ಇದ್ದೆ. ಇದನ್ನು ಯಾರಿಗೂ ಹೇಳಿಲ್ಲ.

ಆಮೇಲೆ ಅವಳ ಕೈ ಹಿಡಿದೆ. "ಕೊಡಬೇಡ. ಇಷ್ಟು ದಿನ ಅಪ್ಪಂಗೆ ಕೊಟ್ಟಿದ್ದು ಬೇರೆ. ಅವನ ಮಾತ್ರೆನೆಲ್ಲ ನಾನು ತಿಂದೆ."

"ಏನಂದೆ?"

"ನಾನು ತಿಂದೆ, ಅಕ್ಕ."

ಅವಳು ಹೊಡೆಯಲಿಲ್ಲ. "ಅಷ್ಟೊಂದು ಅಳ್ತಿದ್ನಲ್ಲೇ... ನೀನು ಪಕ್ಕದಲ್ಲೇ ಕೂತಿದ್ಯಲ್ಲೇ!"

ಅಪ್ಪ ನನ್ನನ್ನೇ ನೋಡುತ್ತಿದ್ದ. "ಹಂಗಾದ್ರೆ ಸರಿ," ಎಂದ ಮೆಲ್ಲಗೆ. "ಮಾತ್ರೆ ತಗೊಂಡ್ರೂ ತಡ್ಕೊಳ್ಳೋಕಾಗ್ದೆ, ನಾನೇ ಹೇಡಿ ಆಗ್ಬಿಟ್ನೇನೋ ಅಂತ ನಾಚ್ಕೋತಿದ್ದೆ ಮಗಾ."

ಅಕ್ಕ ಫೋನ್ ಮಾಡಿದ್ದೇ ನರ್ಸ್ ಓಡಿ ಬಂದಳು. ಮೊದಲಿನ ಡೋಸಿನಿಂದ ಮತ್ತೆ ಶುರುಮಾಡಿದರು. ಆ ಮಧ್ಯಾಹ್ನ ಅಪ್ಪ ಬಾಯಿ ತೆರೆದು ಗೊರಕೆ ಹೊಡೆದ. ಇನ್ನೂ ಹತ್ತೊಂಬತ್ತು ದಿನ ಬದುಕಿದ. ಗಡ್ಡ ಬೋಳಿಸಲು ನನ್ನನ್ನೇ ಕರೆಯುತ್ತಿದ್ದ.

ಅವನನ್ನು ಮಣ್ಣು ಮಾಡಿದ ಮರುದಿನ ಕ್ಲೀಟಾ ನನ್ನನ್ನು ಚಟ ಬಿಡಿಸುವ ಆಸ್ಪತ್ರೆಗೆ ಸೇರಿಸಿದಳು. ಮಾತ್ರೆ ಮುಟ್ಟಿ ಆರು ವರ್ಷವಾಯಿತು. ಅಪ್ಪ ಕ್ಷಮಿಸಿದ ಅಂತ ಅಕ್ಕ ಈಗ ಹೇಳುತ್ತಾಳೆ. ಇರಬಹುದು. ನಾನು ಬಾಯಿ ಮುಚ್ಚಿಕೊಂಡು ನಿಂತ ಆ ನಾಲ್ಕು ಕ್ಷಣ ಅವನಿಗೆ ಗೊತ್ತಿರಲಿಲ್ಲ.